ಅಜ್ಜನ ಊರೇ ಇಲ್ಲದವರು ಹಿರಿಯರ ಬಗ್ಗೆ ಕವಿತೆ ಬರೆಯೋದು ಹೇಗೆ?

ತಿರುಳು

ಹಿರಿಯರ ಬಗ್ಗೆ ಈಚೆಗೆ ಬರುವ ಕವಿತೆಗಳನ್ನು ಓದುವಾಗ ಒಂದು ವಿಷಯ ಬೇಸರ ತರುತ್ತದೆ. ತೊಟ್ಟಿಮನೆ, ಒಲೆಯ ಹೊಗೆ, ಅಜ್ಜಿಯ ಸೆರಗು, ಹಿತ್ತಲ ಬಾವಿ. ಬರೆದವರು ಬೇರೆ ಬೇರೆ ಸೀಮೆಯವರು. ಆದರೂ ಹೆಸರು ಮುಚ್ಚಿ ಓದಿದರೆ ಯಾರ ಅಜ್ಜಿ ಅಂತ ಗೊತ್ತಾಗುವುದಿಲ್ಲ. ಪ್ರೀತಿ ಇದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಕವಿತೆ ಹುಡುಕಾಟಕ್ಕೆ ಇಳಿದಿಲ್ಲ. ಮೊದಲೇ ಗೊತ್ತಿದ್ದ ಊರಿಗೆ ಹೋಗಿ, ಮೊದಲೇ ಗೊತ್ತಿದ್ದ ದುಃಖ ಪಟ್ಟು ವಾಪಸ್ ಬಂದಿದೆ.

ನನ್ನ ಮಾತು ಇಷ್ಟು. ಒಳ್ಳೆಯ ಕವಿತೆಯಲ್ಲಿ ಊರು ಮತ್ತು ಹಿರಿಯರು ಆಸ್ತಿಯ ಹಾಗೆ ತಾನಾಗಿ ಕೈಗೆ ಬರುವುದಿಲ್ಲ. ಕವಿ ಅವರನ್ನು ಗುರುತಿಸಬೇಕು, ಇವರು ನನ್ನವರು ಅಂತ ಹೇಳಬೇಕು. ಆ ಹೇಳಿಕೆಯೇ ಕವಿತೆಯ ಕೆಲಸ.

ಪಂಪನನ್ನೇ ನೋಡಿ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದವನು. ಅವನ ತಂದೆಯ ಕಡೆಯವರು ವೆಂಗಿ ನಾಡಿನವರು. ತಾಯಿಯ ಕಡೆಯವರು ಅಣ್ಣಿಗೇರಿಯವರು. ಅವನ ತಮ್ಮ ಜಿನವಲ್ಲಭ ಹಾಕಿಸಿದ ಕುರ್ಕ್ಯಾಲದ ಶಾಸನದಿಂದ ಮನೆತನದ ಸಂಗತಿಗಳು ತಿಳಿಯುತ್ತವೆ. ಅವನಿಗೆ ಆಶ್ರಯ ಕೊಟ್ಟ ಅರಿಕೇಸರಿಯದು ವೇಮುಲವಾಡ, ಈಗಿನ ತೆಲಂಗಾಣ. ಇಷ್ಟು ಊರುಗಳಿದ್ದರೂ ಕಾವ್ಯದಲ್ಲಿ ಬಂದ ಸಾಲು ಯಾವುದು? "ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ." ಯಾರು ಅಂಕುಶದಿಂದ ತಿವಿದರೂ ಮನಸ್ಸು ಬನವಾಸಿಯ ಕಡೆಗೇ ತಿರುಗುತ್ತದೆ.

ಆ ಪದ್ಯದಲ್ಲಿ ಮನೆ ಇಲ್ಲ, ಅಜ್ಜ ಇಲ್ಲ. ತೆಂಕಣ ಗಾಳಿ ಸೋಕುತ್ತದೆ, ಒಳ್ಳೆಯ ಮಾತು ಕೇಳುತ್ತದೆ, ಇಂಪಾದ ಹಾಡು ಕಿವಿಗೆ ಬೀಳುತ್ತದೆ, ಮಲ್ಲಿಗೆ ಬಿರಿಯುತ್ತದೆ. ಇವುಗಳಲ್ಲಿ ಯಾವುದೊಂದು ಆದರೂ ಸಾಕು, ಬನವಾಸಿ ನೆನಪಾಗುತ್ತದೆ. ಊರು ಮೈಯ ಮೂಲಕ ಬಂದಿದೆ. ಇನ್ನೊಂದು ಪದ್ಯದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಆ ನಾಡಿನಲ್ಲಿ ಮನುಷ್ಯನಾಗಿ ಹುಟ್ಟಲು ಆಗದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕು ಅನ್ನುತ್ತಾನೆ. ಹುಟ್ಟಿದ ಊರು ಅನ್ನುವುದು ಹಿಂದಿನ ಮಾತು ಅಲ್ವಾ? ಇವನು ಅದನ್ನು ಮುಂದಿನ ಜನ್ಮಕ್ಕೆ ಕೇಳಿಕೊಳ್ಳುತ್ತಿದ್ದಾನೆ.

ನಿಮಗೆಲ್ಲ ಏನನ್ನಿಸುತ್ತದೆ? ಉದಾಹರಣೆ ಇದ್ದರೆ ಹೇಳಿ.

ಮೂರನೇ ಬೆಂಚು

ಒಂದು ತಕರಾರು ಇದೆ. ಆ ಮಾತು ಕಾವ್ಯದಲ್ಲಿ ಅರ್ಜುನನದು. ಅವನ ತೀರ್ಥಯಾತ್ರೆಯ ಭಾಗದಲ್ಲಿ ಬರುತ್ತದೆ. ಅದನ್ನು ನೇರವಾಗಿ ಪಂಪನ ತಲೆಗೆ ಕಟ್ಟುವುದು ನಮ್ಮ ಅಭ್ಯಾಸ ಅಷ್ಟೇ. ಕವಿ ತನ್ನ ಮನೆತನದ ಬಗ್ಗೆ ಹೇಳಿದ ಜಾಗ ಬೇರೆ ಇದೆ. ಕೃತಿಯ ಕೊನೆಯಲ್ಲಿ ವಂಶದವರನ್ನು ಹೆಸರಿಟ್ಟು ನೆನೆಯುತ್ತಾನೆ, ತಂದೆ ಜೈನಧರ್ಮಕ್ಕೆ ಬಂದದ್ದನ್ನೂ ಹೇಳುತ್ತಾನೆ. ಹಿರಿಯರ ಬಗ್ಗೆ ಮಾತಾಡುವುದಾದರೆ ಅದನ್ನು ಬಿಡಬಾರದು.

ತಿರುಳು

ಬಿಡುವುದಿಲ್ಲ ಸರ್. ನೀವು ಹೇಳಿದ್ದು ನನ್ನ ಮಾತಿಗೆ ಇನ್ನಷ್ಟು ಬಲ ಕೊಡುತ್ತದೆ. ಪಂಪ ಅರಿಕೇಸರಿಯನ್ನೇ ಅರ್ಜುನನಿಗೆ ಹೋಲಿಸಿ ಕಾವ್ಯ ಕಟ್ಟಿದವನು. ಹಾಗಾಗಿ ಆ ಸಾಲಿನಲ್ಲಿ ಮೂವರು ಇದ್ದಾರೆ. ಪುರಾಣದ ವೀರ, ಬದುಕಿರುವ ರಾಜ, ಬರೆಯುತ್ತಿರುವ ಕವಿ. ವಂಶಾವಳಿಯನ್ನು ತನ್ನದೇ ಬಾಯಿಂದ, ಲೆಕ್ಕ ಒಪ್ಪಿಸಿದ ಹಾಗೆ ಹೇಳುತ್ತಾನೆ. ಪ್ರೀತಿಯನ್ನು ಮಾತ್ರ ಇನ್ನೊಬ್ಬನ ಬಾಯಿಗೆ ಕೊಡುತ್ತಾನೆ. ಸಾವಿರ ವರ್ಷ ನಾಲಿಗೆಯ ಮೇಲೆ ಉಳಿದದ್ದು ಎರಡನೆಯದು. 'ನಾನು' ಅನ್ನುವ ಮಾತು ಕವಿತೆಯಲ್ಲಿ ಯಾವಾಗಲೂ ಒಬ್ಬನದೇ ಆಗಿರುವುದಿಲ್ಲ.

ಹಿನ್ನೀರು

ಎಲ್ಲರಿಗೂ ನಮಸ್ಕಾರ. ಸುಮ್ನೆ ಓದುತ್ತಿದ್ದೆ, ತಲೆಬರಹ ನೋಡಿ ಬರೆಯಬೇಕು ಅನ್ನಿಸಿತು. ನಮ್ಮ ತಂದೆಯ ಊರು ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಅದು ನೀರಿನ ಕೆಳಗೆ ಹೋಯಿತು. ನಾನು ಹುಟ್ಟಿದ್ದು ಆಮೇಲೆ. ಮನೆಯಲ್ಲಿ ಆ ಊರಿನ ಹೆಸರು ದಿನಾ ಕೇಳಿದ್ದೇನೆ, ಜಾಗ ನೋಡಿಲ್ಲ. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣಿಸುತ್ತದೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದೆ. ಜನ ಹೋಗಿ ಫೋಟೋ ತೆಗೆದುಕೊಳ್ಳುತ್ತಾರೆ. ನಮ್ಮ ಊರು ಅಷ್ಟು ಮೇಲೆ ಬರುವುದಿಲ್ಲ.

ನನ್ನ ಪ್ರಶ್ನೆ: ನೋಡದ ಊರಿನ ಬಗ್ಗೆ ನಾನು ಬರೆದರೆ ಅದು ಸುಳ್ಳಾಗುತ್ತದಾ? ಬರೆಯಲು ಕೂತರೆ ಬೇರೆಯವರ ಕವಿತೆಯ ತೊಟ್ಟಿಮನೆಯೇ ಬರುತ್ತದೆ. ನಮ್ಮದು ತೊಟ್ಟಿಮನೆ ಆಗಿತ್ತೋ ಇಲ್ಲವೋ ಅದೂ ಗೊತ್ತಿಲ್ಲ.

ತ್ರಿಪದಿ

ಹಿನ್ನೀರು ಅವರಿಗೆ ಉತ್ತರ ಕೊಡುವ ಮೊದಲು ಒಂದು ಸಂಗತಿ ಹೇಳುತ್ತೇನೆ. ನಾವೆಲ್ಲ ಹಿರಿಯರನ್ನು ಕವಿತೆಯ ವಿಷಯದಲ್ಲಿ ಹುಡುಕುತ್ತಿದ್ದೇವೆ. ನನ್ನ ಪ್ರಕಾರ ಅವರು ಜಾಸ್ತಿ ಇರುವುದು ಕವಿತೆಯ ನಡಿಗೆಯಲ್ಲಿ.

ಬಾದಾಮಿಯಲ್ಲಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು 700ರ ಕಾಲದ್ದು. ಅದರಲ್ಲಿ "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶುರುವಾಗುವ ಪದ್ಯ ಬರುತ್ತದೆ. ಒಳ್ಳೆಯವರಿಗೆ ಒಳ್ಳೆಯವನು, ಕಾಡುವವನಿಗೆ ಕಡು ಕಠಿಣ. ಅದು ತ್ರಿಪದಿ. ಮೂರು ಸಾಲು, ಮೂರನೆಯದು ಗಿಡ್ಡ. ಈಗ ಇದನ್ನು ಓದಿ:

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮ್ತಾಯಿ
ಎದ್ದೊಂದು ಗಳಿಗೆ ನೆನೆದೇನು

ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರು ಹಾಡಿದ್ದು. ಅದೂ ತ್ರಿಪದಿಯೇ. ಸರ್ವಜ್ಞನೂ ಅದನ್ನೇ ಹಿಡಿದ. ಬಂಡೆಯ ಮೇಲಿನ ವೀರನಿಗೂ ಕಲ್ಲು ತಿರುಗಿಸುವ ಹೆಣ್ಣುಮಗಳಿಗೂ ರಕ್ತ ಸಂಬಂಧ ಇರಬೇಕಾಗಿಲ್ಲ. ಉಸಿರು ನಿಲ್ಲಿಸುವ ಜಾಗ ಮಾತ್ರ ಒಂದೇ. ಯಾರೂ ಇದನ್ನು ಅವಳಿಗೆ ಪಾಠ ಮಾಡಿರಲಿಲ್ಲ. ತಾಯಿಯ ಹತ್ತಿರ ಕೂತು ಬೀಸುವಾಗ ಬಂತು.

ಆ ಹಾಡು ಕೇಳುವ ಪ್ರಶ್ನೆಯೂ ನಮ್ಮ ಚರ್ಚೆಯದ್ದೇ. ಯಾರ್ಯಾರನ್ನು ನೆನೆಯಲಿ? ಅವಳು ಅಜ್ಜನ ಹೆಸರು ಹೇಳಬಹುದಿತ್ತು. ಭೂಮಿಯನ್ನು ನೆನೆದಳು, ಅದೂ ಎಳ್ಳು ಜೀರಿಗೆ ಬೆಳೆಯುವ ಭೂಮಿಯನ್ನು. ಹಿರಿಯರು, ಜಾಗ, ದಿನದ ಹೊತ್ತು ಮೂರೂ ಮೂರು ಸಾಲಿನೊಳಗೆ ಬಂದವು.

ಹಿನ್ನೀರು ಅವರೇ, ನಿಮ್ಮ ಮನೆಯಲ್ಲಿ ಯಾರಾದರೂ ಹಾಡುತ್ತಿದ್ದರಾ? ಇಲ್ಲವೇ ಒಂದೇ ರೀತಿಯಲ್ಲಿ ಹೇಳುವ ಮಾತು ಏನಾದರೂ ಇತ್ತಾ? ಊರು ಮುಳುಗಿದರೂ ಮಾತಿನ ಲಯ ಮುಳುಗಿರುವುದಿಲ್ಲ.

ನೀಲಿ ಶಾಯಿ

ಚರ್ಚೆ ಚೆನ್ನಾಗಿದೆ. ಆದರೆ ಒಂದು ಮಾತು ಹೇಳಲೇಬೇಕು. 'ಹಿರಿಯರ ಊರು' ಅಂದ ಕೂಡಲೇ ಮನೆ, ಹೊಲ, ಬಾವಿ ನೆನಪಾಗುವುದು ಅವು ಇದ್ದವರಿಗೆ. ನಮ್ಮ ಹಿರಿಯರು ಆ ಬಾವಿಯ ನೀರು ಮುಟ್ಟುವ ಹಾಗಿರಲಿಲ್ಲ. ಊರಿನ ಹೊರಗೆ ಇದ್ದರು. ಹೊಲ ಉತ್ತರು, ಅದು ಅವರದಾಗಿರಲಿಲ್ಲ. ಮನೆ ಕಟ್ಟಿದರು, ಒಳಗೆ ಬರುವ ಹಾಗಿರಲಿಲ್ಲ. ವಂಶಾವಳಿ ಬರೆದಿಟ್ಟವರೂ ಯಾರಿಲ್ಲ. ನಾನು ಯಾವ ತೊಟ್ಟಿಮನೆಯ ನೆನಪು ಬರೆಯಲಿ?

ಸಿದ್ದಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ತಂದಾಗ ಆದ ದೊಡ್ಡ ಬದಲಾವಣೆ ಇದೇ. 'ನನ್ನ ಜನಗಳು' ಕವಿತೆ ಓದಿ. ಅಲ್ಲಿ ಒಬ್ಬರ ಹೆಸರೂ ಇಲ್ಲ. ಹಸಿದು ಸತ್ತವರು, ಕಲ್ಲು ಹೊತ್ತವರು, ಒದೆ ತಿಂದವರು. ಹಿರಿಯರು ಹೆಸರಿನಿಂದ ಬರುವುದಿಲ್ಲ, ಮಾಡಿದ ಕೆಲಸದಿಂದ, ಪಟ್ಟ ಪಾಡಿನಿಂದ ಸಾಲಾಗಿ ಬರುತ್ತಾರೆ. ಕೇಳುವವರಿಗೆ ಆ ಸಾಲು ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಆ ಪಟ್ಟಿಯೇ ವಂಶಾವಳಿ. ನಾನು ಮೊದಲ ಸಲ ಅದನ್ನು ಜನರ ನಡುವೆ ನಿಂತು ಕೇಳಿದಾಗ, ನನಗೂ ಹಿರಿಯರಿದ್ದಾರೆ ಅಂತ ಕವಿತೆಯ ಮೂಲಕ ಗೊತ್ತಾಯಿತು.

ಇದಕ್ಕೂ ಮೊದಲು, 12ನೇ ಶತಮಾನದಲ್ಲಿ ಬಸವಣ್ಣ ಹೇಳಿದ್ದು ನೆನಪಿರಲಿ. "ಅಪ್ಪನು ನಮ್ಮ ಮಾದಾರ ಚೆನ್ನಯ್ಯ, ಬೊಪ್ಪನು ನಮ್ಮ ಡೋಹರ ಕಕ್ಕಯ್ಯ." ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವನು ತನ್ನ ಅಪ್ಪ ಯಾರು ಅಂತ ತಾನೇ ಹೇಳಿಕೊಂಡ. ಇನ್ನೊಂದು ವಚನದಲ್ಲಿ ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದ ಮಗ ನಾನು ಅನ್ನುತ್ತಾನೆ. ಇದು ವಿನಯದ ಮಾತಲ್ಲ. ಹುಟ್ಟನ್ನೇ ಮತ್ತೆ ಬರೆಯುವ ಧೈರ್ಯ.

ತಿರುಳು

ನೀಲಿ ಶಾಯಿ ಅವರೇ, ನೀವು ಬರೆದ ಮೇಲೆ ಈ ಚರ್ಚೆಗೆ ಬೆನ್ನೆಲುಬು ಬಂತು. ಬಸವಣ್ಣನ ಆ ವಚನದಲ್ಲಿ ಸಂಬಂಧದ ಪದಗಳೇ ಇಡೀ ಕೆಲಸ ಮಾಡುತ್ತವೆ. ಅಪ್ಪ, ಬೊಪ್ಪ, ಆಮೇಲೆ ಅಣ್ಣ. ಒಂದೊಂದು ಪದಕ್ಕೂ ಒಬ್ಬೊಬ್ಬ ಶರಣ. ಮನೆಯ ಪದವನ್ನು ಮನೆಯ ಹೊರಗಿನವರಿಗೆ ಕೊಟ್ಟ ಕೂಡಲೇ ಮನೆ ಅನ್ನುವುದೇ ದೊಡ್ಡದಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ನನ್ನ ಕಡೆಯಿಂದ. ಹಿರಿಯರನ್ನು ಆಯ್ದುಕೊಳ್ಳುವುದು ಅಂದರೆ ನಮಗೆ ಹಿತವಾದವರನ್ನು ಮಾತ್ರ ಇಟ್ಟುಕೊಳ್ಳುವುದು ಅಂತಲ್ಲ. ಬೇಡದವರೂ ಬರುತ್ತಾರೆ. ಗೋಪಾಲಕೃಷ್ಣ ಅಡಿಗರ 'ಭೂತ' ಇದಕ್ಕೆ ದೊಡ್ಡ ಸಾಕ್ಷಿ. ಅಲ್ಲಿ ಹಿಂದಿನ ಕಾಲ ಹೂವಿನ ಹಾಗೆ ಬರುವುದಿಲ್ಲ, ಕಾಡುತ್ತಾ ಬರುತ್ತದೆ. ಅಡಿಗರು ಅದನ್ನು ಓಡಿಸುವುದೂ ಇಲ್ಲ, ಪೂಜಿಸುವುದೂ ಇಲ್ಲ. ಅಗೆಯುತ್ತಾರೆ. ಮೊದಲು ಮಣ್ಣು, ಇನ್ನೂ ಕೆಳಗೆ ಹೋದರೆ ಚಿನ್ನದ ಅದಿರು. ಅದನ್ನು ಸೋಸಿ, ಕಾಯಿಸಿ, ಬಡಿದು ತನಗೆ ಬೇಕಾದ ದೇವರ ವಿಗ್ರಹ ಮಾಡಬೇಕು. ಅಗೆಯುವುದೂ ದುಡಿಮೆ, ಸೋಸುವುದೂ ದುಡಿಮೆ. ತೊಟ್ಟಿಮನೆ ಕವಿತೆಗಳಲ್ಲಿ ನನಗೆ ಸಿಗದೇ ಇರುವುದು ಈ ಸೋಸುವ ಕೆಲಸ. ಅಜ್ಜನ ಮನೆ ಬರೆಯುವವರು ಆ ಮನೆಯ ಬಾಗಿಲ ಹೊರಗೆ ಯಾರು ನಿಂತಿದ್ದರು ಅಂತಲೂ ಕೇಳಬೇಕು. ಆಗ ಎಲ್ಲರ ಅಜ್ಜಿಯೂ ಒಂದೇ ಥರ ಕಾಣುವುದಿಲ್ಲ.

ಕಡಲಕರೆ

ತುಳುನಾಡಿನಿಂದ ಒಂದು ಮಾತು. ಭಾಷೆ ಬೇರೆ, ಆದರೂ ಈ ಚರ್ಚೆಯಲ್ಲಿ ಸಿರಿ ಪಾಡ್ದನಕ್ಕೆ, ಅಂದರೆ ಸಿರಿ ಎಂಬವಳ ಕಥೆ ಹೇಳುವ ತುಳು ಜನಪದ ಹಾಡಿಗೆ, ಜಾಗ ಇರಬೇಕು. ನಾಟಿ ಮಾಡುವಾಗ ಹೆಂಗಸರು ಇದರ ಭಾಗಗಳನ್ನು ಹಾಡುತ್ತಾರೆ. 1990ರಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಜೊತೆಗಾರರು ಗೋಪಾಲ ನಾಯ್ಕರು ಹಾಡಿದ್ದನ್ನು ದಾಖಲಿಸಿದರು. 15,683 ಸಾಲು ಆಯಿತು. ಗಾತ್ರದ ಮಾತು ಬಿಡಿ. ಅದರ ವಂಶ ನಡೆಯುವ ದಾರಿ ನೋಡಿ. ಸಿರಿ, ಅವಳ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ದಾರಗ. ಹೆಣ್ಣಿನಿಂದ ಹೆಣ್ಣಿಗೆ ಕಥೆ ಇಳಿಯುತ್ತದೆ. ಸಿರಿ ಗಂಡನಿಂದ ಬಿಡುಗಡೆ ಕೇಳಿ ಪಡೆದವಳು.

ಸಿರಿ ಜಾತ್ರೆಯಲ್ಲಿ ಹೆಂಗಸರ ಮೈಮೇಲೆ ಸಿರಿ ಬರುತ್ತಾಳೆ. ಅಲ್ಲಿ ಯಾರೂ 'ಸಿರಿ ಹೀಗಿದ್ದಳು' ಅಂತ ಹೇಳುವುದಿಲ್ಲ. 'ನಾನು' ಅಂತಲೇ ಮಾತಾಡುತ್ತಾರೆ. ತಿರುಳು ಅವರು ಹೇಳಿದ ಮೂವರು ಇರುವ 'ನಾನು' ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಹಿರಿಯಳು ಹಿಂದೆ ಇಲ್ಲ, ಈಗ ಈ ಮೈಯಲ್ಲಿ ಇದ್ದಾಳೆ. ಬರೆದ ಕವಿತೆಗೆ ಇಷ್ಟು ಹತ್ತಿರ ಬರಲು ಆಗುತ್ತದೆಯೇ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ಮೂರನೇ ಬೆಂಚು

ಕಡಲಕರೆ ಅವರು ಕಾಲದ ವಿಷಯ ತೆಗೆದದ್ದು ಒಳ್ಳೆಯದಾಯಿತು. ನನಗೆ ಕಾಣುವ ದೊಡ್ಡ ತೊಂದರೆ ಅಲ್ಲೇ ಇದೆ. ಹಿರಿಯರ ಕವಿತೆಯಲ್ಲಿ ಎಲ್ಲವೂ 'ಇತ್ತು', 'ಇದ್ದಳು', 'ಮಾಡುತ್ತಿದ್ದ'. ಕ್ರಿಯಾಪದ ಹಿಂದಕ್ಕೆ ಹೋದ ಕೂಡಲೇ ಕವಿತೆ ಶೋಕಗೀತೆ ಆಗಿಬಿಡುತ್ತದೆ.

ಬೇಂದ್ರೆಯವರ ಹಕ್ಕಿಯ ಕವಿತೆ ತೆಗೆದುಕೊಳ್ಳಿ, 1932ರ 'ಗರಿ' ಸಂಕಲನದ್ದು. ಕಾಲದ ಬಗ್ಗೆ ಕನ್ನಡದಲ್ಲಿ ಅದಕ್ಕಿಂತ ದೊಡ್ಡ ಕವಿತೆ ನನಗೆ ಗೊತ್ತಿಲ್ಲ. ರಾಜ್ಯಗಳು ಹೋದವು, ಯುಗಗಳು ಹೋದವು. ಆದರೆ ಹಕ್ಕಿ ಹಾರಿತು ಅನ್ನುವುದಿಲ್ಲ. ಹಾರುತ್ತಿದೆ. ಪ್ರತಿ ನುಡಿಯ ಕೊನೆಗೂ ನಮ್ಮನ್ನೇ ನೋಡಿ ಕೇಳುತ್ತಾರೆ, ನೋಡಿದಿರಾ ಅಂತ. ಇತಿಹಾಸ ಇಡೀ ಒಂದು ರೆಪ್ಪೆ ಬಡಿಯುವ ಹೊತ್ತಿನಲ್ಲಿ ಈಗ ನಡೆಯುತ್ತಿದೆ. ಕಾಲವನ್ನು ಹೀಗೆ ವರ್ತಮಾನದಲ್ಲಿ ಹಿಡಿಯುವುದು ಕಷ್ಟ, ಆದರೆ ಆಗುತ್ತದೆ.

ಅವರ ಕಾವ್ಯನಾಮವನ್ನೂ ನೋಡಿ. ಅಂಬಿಕಾತನಯದತ್ತ. ಅಂಬಿಕೆಯ ಮಗ ದತ್ತ. ಅಪ್ಪ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಸಾಕಿದ ತಾಯಿಯನ್ನು ಪ್ರತಿ ಪುಸ್ತಕದ ಮೇಲೂ ಹೊತ್ತುಕೊಂಡರು. ಮನೆಮಾತು ಮರಾಠಿ, ಬರೆದದ್ದು ಕನ್ನಡ. ಧಾರವಾಡದ ಆಡುಮಾತು ಅವರ ಕೈಯಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಮನೆಯ ಹಿರಿಯರ ಭಾಷೆ ಒಂದು, ಕವಿತೆಯ ಭಾಷೆ ಇನ್ನೊಂದು. ಕನ್ನಡದಲ್ಲಿ ಇಂಥವರು ಎಷ್ಟೊಂದು ಜನ. ಮೇಲುಕೋಟೆಯ ಪುತಿನ ಅವರ ಮನೆಮಾತು ತಮಿಳು.

ಹೊರನಾಡು

ಈ ಕೊನೆಯ ಮಾತಿಗೆ ನಾನು ಸೇರಿಕೊಳ್ಳುತ್ತೇನೆ. ಎ. ಕೆ. ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಬದುಕಿದ್ದು ಶಿಕಾಗೋದಲ್ಲಿ. ಕನ್ನಡದಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಬರೆದರು. ಅವರ ಒಂದು ಚಿಕ್ಕ ಇಂಗ್ಲಿಷ್ ಕವಿತೆಯಲ್ಲಿ ಅಂಗಡಿಯ ಗಾಜಿನಲ್ಲಿ ಒಬ್ಬ ಅಪರಿಚಿತನ ಚಿತ್ರ ಕಾಣುತ್ತದೆ, ಮೂಲೆಯಲ್ಲಿ ಅಪ್ಪನ ಸಹಿ ಇರುತ್ತದೆ. ಹಿರಿಯರ ಊರು ಬಿಟ್ಟು ಎಷ್ಟು ದೂರ ಹೋದರೂ ಮುಖ ಜೊತೆಗೇ ಬರುತ್ತದೆ. ಪರದೇಶದಲ್ಲಿ ಇರುವ ನನ್ನಂಥವರಿಗೆ ಊರು ಅಂದರೆ ಅದೇ. ಕನ್ನಡಿಯಲ್ಲಿ ದಿನ ದಿನಕ್ಕೂ ಜಾಸ್ತಿ ಕಾಣಿಸಿಕೊಳ್ಳುವ ಅಪ್ಪ.

ನಿಸಾರ್ ಅಹಮದರ 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ದೂರ ಹೋಗುವುದೇ ಇಲ್ಲ. ಅದೇ ಊರು, ಅದೇ ಜನ, ಜೊತೆಗೇ ಇದ್ದು ತನ್ನತನ ಉಳಿಸಿಕೊಳ್ಳುವ ಪಾಡು. ಜೋಗದ ಸಿರಿಯನ್ನು ಹಾಡಿದ ಕವಿಯೇ ಇದನ್ನೂ ಬರೆದದ್ದು. ಎರಡನ್ನೂ ಒಟ್ಟಿಗೆ ಓದಬೇಕು. ನಾವು ಒಂದನ್ನು ಮಾತ್ರ ಸಭೆಗಳಲ್ಲಿ ಹಾಡುತ್ತೇವೆ.

ಹಿನ್ನೀರು

ಎಲ್ಲರ ಮಾತೂ ಓದಿದೆ. ತ್ರಿಪದಿ ಅವರು ಕೇಳಿದ ಮೇಲೆ ಯೋಚನೆ ಮಾಡಿದೆ. ನಮ್ಮ ಮನೆಯಲ್ಲಿ ಯಾರೂ ಹಾಡುತ್ತಿರಲಿಲ್ಲ. ಒಂದೇ ರೀತಿ ಹೇಳುವ ಮಾತು ಅಂದರೆ ಜಮೀನಿನ ಚಕ್ಕುಬಂದಿ, ನಾಲ್ಕು ದಿಕ್ಕಿನ ಎಲ್ಲೆಗಳ ವಿವರ. ಅಪ್ಪನಿಗೆ ಅದು ಬಾಯಿಪಾಠ. ಕಾಗದ ಇನ್ನೂ ಮನೆಯಲ್ಲಿದೆ. ಅದನ್ನೇ ಇಟ್ಟುಕೊಂಡು ಬರೆದೆ. ತಿದ್ದಿ ಹೇಳಿ.

ಪೂರ್ವಕ್ಕೆ: ಹಳ್ಳ.
ಪಶ್ಚಿಮಕ್ಕೆ: ಹಾಡಿ.
ದಕ್ಷಿಣಕ್ಕೆ: ಯಾರದೋ ಬೇಲಿ.
ಉತ್ತರಕ್ಕೆ: ಶಾಯಿ ಹರಡಿದೆ, ಓದಲಾಗುವುದಿಲ್ಲ.
ಇದರ ಮಧ್ಯೆ ಇರುವ ಜಾಗ ನಮ್ಮದು ಎನ್ನುತ್ತದೆ ಕಾಗದ.
ನಾಲ್ಕು ದಿಕ್ಕಿಗೂ ಈಗ ನೀರು.
ಅಪ್ಪ ಕಣ್ಣು ಮುಚ್ಚಿ ಒಪ್ಪಿಸುತ್ತಾನೆ,
ಹಳ್ಳ, ಹಾಡಿ, ಬೇಲಿ.
ನನ್ನ ಬೇರು ಎಲ್ಲಿದೆ, ನಾನು ಯಾರು?

ತ್ರಿಪದಿ

ಇದು ನಿಮ್ಮದೇ ಕವಿತೆ. ಬೇರೆ ಯಾರೂ ಬರೆಯಲು ಆಗುವುದಿಲ್ಲ. ಚಕ್ಕುಬಂದಿಗೆ ಇಂಥ ಲಯ ಇದೆ ಅಂತ ನಾನು ಗಮನಿಸಿಯೇ ಇರಲಿಲ್ಲ. ದಾನಶಾಸನಗಳಲ್ಲೂ ಹೀಗೇ ಭೂಮಿಯ ಎಲ್ಲೆಗಳನ್ನು ದಿಕ್ಕು ಹಿಡಿದು ಹೇಳುತ್ತಾರೆ. ನಿಮ್ಮ ಅಪ್ಪ ಒಪ್ಪಿಸುತ್ತಿರುವುದು ಅದೇ ಹಳೆಯ ರೀತಿ.

ಮೂರನೇ ಬೆಂಚು

'ಒಪ್ಪಿಸುತ್ತಾನೆ' ಅಂತ ವರ್ತಮಾನದಲ್ಲಿ ಇಟ್ಟಿದ್ದು ಸರಿಯಾಗಿದೆ, ಅದನ್ನು ಬದಲಾಯಿಸಬೇಡಿ. ಕೊನೆಯ ಸಾಲು ತೆಗೆಯಿರಿ. ಆ ಪ್ರಶ್ನೆ ಕವಿತೆಯಲ್ಲಿ ಆಗಲೇ ಇದೆ.

ನೀಲಿ ಶಾಯಿ

ಕೊನೆಯ ಸಾಲಿನ ವಿಷಯದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಇನ್ನೊಂದು ಕೇಳಬೇಕು. 'ಯಾರದೋ ಬೇಲಿ' ಅಂತ ಕಾಗದದಲ್ಲಿ ಇರುವುದಿಲ್ಲ. ಪಕ್ಕದ ಜಮೀನಿನವರ ಹೆಸರು ಬರೆದಿರುತ್ತಾರೆ. ಅವರದ್ದೂ ಮುಳುಗಿದೆ. ಆ ಹೆಸರು ಯಾಕೆ ಬಿಟ್ಟಿರಿ? ಆ ಜಮೀನಿನಲ್ಲಿ ದುಡಿದವರ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ, ಅದು ಗೊತ್ತು. ಕಾಗದದಲ್ಲಿ ಇರುವ ಹೆಸರಾದರೂ ಇರಲಿ. ದುಡಿದವರು ಯಾರು ಅಂತ ಅಪ್ಪನನ್ನು ಕೇಳಿ ನೋಡಿ.

ತಿರುಳು

ಒಪ್ಪಿದೆ. ಆ ಒಂದು ಹೆಸರು ಬಂದರೆ ಕವಿತೆ ಒಂದು ಮನೆಯದಾಗಿ ಉಳಿಯುವುದಿಲ್ಲ, ಊರಿನದಾಗುತ್ತದೆ. ಆದರೆ ಶಾಯಿ ಹರಡಿದ ಉತ್ತರ ದಿಕ್ಕನ್ನು ಹಾಗೇ ಬಿಡಿ. ಅದನ್ನು ಊಹೆ ಮಾಡಿ ತುಂಬಬೇಡಿ.

ಹಿನ್ನೀರು

ಹೆಸರು ಇದೆ. ಅವರ ಮಕ್ಕಳು ಎಲ್ಲಿದ್ದಾರೆ ಅಂತ ಅಪ್ಪನಿಗೆ ಗೊತ್ತು, ಒಂದು ಮಾತು ಕೇಳಿ ಆಮೇಲೆ ಕವಿತೆಯಲ್ಲಿ ಹಾಕುತ್ತೇನೆ. ಇಲ್ಲಿ ಬರೆಯುವುದಿಲ್ಲ. ದುಡಿಯಲು ಬರುತ್ತಿದ್ದವರ ಬಗ್ಗೆಯೂ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಇಬ್ಬರ ಹೆಸರು ಹೇಳಿದರು. ಮೂರನೆಯವರದು ನೆನಪಾಗಲಿಲ್ಲ, ಅಣ್ಣನಿಗೆ ಫೋನ್ ಮಾಡಿ ಕೇಳುತ್ತೇನೆ ಅಂದರು. ಆ ಹೆಸರು ಸಿಕ್ಕ ಮೇಲೆ ಎರಡನೇ ಭಾಗ ಶುರು ಮಾಡುತ್ತೇನೆ.